ನಮಗಿಂತ ಮೊದಲೂ ಕುದಿಸಿರಿ

ನಿಮ್ಮ ತೋಳಿಗೆ ಇಳಿದ ಸೂಜಿ ನಿಮಗಿಂತ ಮೊದಲು ಯಾರ ತೋಳಿನೊಳಗಿತ್ತು ಎಂದು ನೀವು ಒಮ್ಮೆಯಾದರೂ ಕೇಳಿದ್ದೀರಾ?

ಕೇಳಿರಲಾರಿರಿ. ಕೇಳುವ ಪ್ರಸಂಗವೇ ನಿಮಗೆ ಬಂದಿಲ್ಲ. ಸಾಲಿನಲ್ಲಿ ನೀವು ಮುಂದೆ ನಿಂತಿದ್ದಿರಿ. ಸೂಜಿ ಆಗತಾನೇ ಕುದ್ದು, ಹೊಳೆಯುತ್ತ, ಮೊದಲು ನಿಮ್ಮ ಬಳಿಗೇ ಬಂತು. ನೀವು ಮುಖ ತಿರುಗಿಸಿದಿರಿ, ‘ಹ್ಞಾ’ ಎಂದಿರಿ, ತೋಳು ಉಜ್ಜಿಕೊಂಡು ಮನೆಗೆ ಹೋಗಿ ಚಹಾ ಕುಡಿದಿರಿ. ಸೂಜಿ ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತು ಎಂಬುದು ನಿಮ್ಮ ಪಠ್ಯದಲ್ಲಿ ಇರಲಿಲ್ಲ. ನಾನು ಭಾಲ್ಕಿಯ ಶಾಲೆಗಳಲ್ಲಿ ಬಹುಕಾಲ ಪಾಠ ಹೇಳಿದವಳು. ಪಠ್ಯ ಬಿಟ್ಟುಹೋದದ್ದನ್ನು ಹೇಳುವುದು ಶಿಕ್ಷಕಿಯ ಕರ್ತವ್ಯವೆಂದು ನಂಬಿದವಳು. ಆದ್ದರಿಂದ ಹೇಳುತ್ತೇನೆ. ಆ ಸೂಜಿ ನಮ್ಮ ಕೇರಿಗೆ ಬಂತು.

ನಮ್ಮದು ಔರಾದ ತಾಲೂಕಿನ ಒಂದು ಹಳ್ಳಿ. ಸಂತಪುರದಲ್ಲಿ ಬಸ್ಸಿಳಿದು ನಡೆಯಬೇಕು. ಹೆಸರು ಬರೆಯುವುದಿಲ್ಲ. ಬರೆದರೆ ನೆರೆಯೂರಾದ ಚಿಂತಾಕಿಯವರು ‘ಅದು ಆ ಊರಿನ ಕಥೆ’ ಎಂದು ನೆಮ್ಮದಿಯಾಗಿ ಮಲಗುತ್ತಾರೆ. ಎಕಂಬಾದವರೂ ಮಲಗುತ್ತಾರೆ. ನಾನು ಯಾರನ್ನೂ ಮಲಗಿಸಲು ಕುಳಿತಿಲ್ಲ.

ಅದು ಎಪ್ಪತ್ತೆರಡರ ಬರ. ಕೇರಿಯ ಬಾವಿ ಒಣಗಿ ಅದರ ತಳದಲ್ಲಿ ಮಕ್ಕಳು ಗೋಲಿ ಆಡುತ್ತಿದ್ದರು. ಪಾಟೀಲರ ಬಾವಿಯಲ್ಲಿ ಮಾತ್ರ ನೀರಿತ್ತು. ಅದರ ಹಗ್ಗವನ್ನು ನಾವು ಮುಟ್ಟುವಂತಿರಲಿಲ್ಲ. ಕೊಡವನ್ನು ಕೆಳಗಿಟ್ಟು, ದೂರ ಸರಿದು, ಮೇಲಿನ ಮನೆಗಳ ಯಾರಾದರೂ ಮನಸ್ಸು ಮಾಡಿ ಸುರಿಯುವುದನ್ನು ಕಾಯಬೇಕಿತ್ತು. ಕೆಲವು ದಿನ ಯಾರೂ ಮನಸ್ಸು ಮಾಡುತ್ತಿರಲಿಲ್ಲ. ನಮ್ಮ ಕೇರಿ ಬುದ್ಧನ ಕಡೆಗೆ ತಿರುಗಿ ವರ್ಷಗಳಾಗಿದ್ದವು. ಬಾವಿಯ ಹಗ್ಗಕ್ಕೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಬರದ ಹಿಂದೆಯೇ ಕಾಲರಾ ಬರುತ್ತದೆ. ಕಾಲರಾದ ಭಯಕ್ಕೆ ಸರಕಾರ ಸೂಜಿ ಕಳಿಸುತ್ತದೆ. ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ನಾರಾಯಣರಾವ ಬರುತ್ತಿದ್ದ. ಅವನು ಕಂಪೌಂಡರ. ಊರವರು ಡಾಕ್ಟರ ಎನ್ನುತ್ತಿದ್ದರು. ಅವನು ತಿದ್ದುತ್ತಿರಲಿಲ್ಲ.

ನಾರಾಯಣರಾವನ ಸೂಜಿಗೆ ಒಂದು ನಿಯಮವಿತ್ತು. ಸಂವಿಧಾನಕ್ಕೂ ಅಷ್ಟು ನಿಷ್ಠೆಯ ಪಾಲಕರು ಸಿಕ್ಕಿಲ್ಲ. ಮುಂಜಾನೆ ಅವನು ಪಾಟೀಲರ ಅಂಗಳದಲ್ಲಿ ಸ್ಟೋವು ಹಚ್ಚಿ ಗಾಜಿನ ಪಿಚಕಾರಿ ಮತ್ತು ಸೂಜಿಗಳನ್ನು ಕುದಿಸುತ್ತಿದ್ದ. ಮೊದಲು ಪಾಟೀಲರ ಮನೆ. ನಂತರ ಪಾಟೀಲರ ನೆಂಟರು. ನಂತರ ಒಕ್ಕಲು ಮನೆಗಳು. ಚುಚ್ಚುವ ಸೂಜಿ ಮಾತ್ರ ಒಂದೇ. ಒಂದು ತೋಳಿನಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್ಟಿನ ಹತ್ತಿಯಿಂದ ಒಮ್ಮೆ ಒರೆಸುತ್ತಿದ್ದ, ಅಷ್ಟೇ. ಅವರೆಲ್ಲ ಶುದ್ಧರು. ಶುದ್ಧರಿಂದ ಶುದ್ಧರಿಗೆ ಏನು ಹತ್ತೀತು?

ಕೊನೆಗೆ ಕೇರಿ. ಅಷ್ಟರಲ್ಲಿ ಸ್ಪಿರಿಟ್ಟು ತೀರಿರುತ್ತಿತ್ತು. ಸೂಜಿಯ ತುದಿ ಮೊಂಡಾಗಿ ಕೊಕ್ಕೆಯಂತೆ ಬಾಗಿರುತ್ತಿತ್ತು. ಅವನು ನಮ್ಮ ತೋಳು ಹಿಡಿಯುತ್ತಿರಲಿಲ್ಲ. ನಾವೇ ಸೆರಗಿನಿಂದ ತೋಳು ಒರೆಸಿಕೊಂಡು ಚಾಚಬೇಕು. ಅವನು ಕೈಯನ್ನು ಪೂರ್ತಿ ಉದ್ದ ಮಾಡಿ, ಹಾವಿಗೆ ಕೋಲು ಚುಚ್ಚುವವನ ಹಾಗೆ, ದೂರದಿಂದ ಚುಚ್ಚುತ್ತಿದ್ದ. ಎಳೆದಾಗ ಚರ್ಮವೂ ಸೂಜಿಯ ಜೊತೆ ಎದ್ದು ಬರುತ್ತಿತ್ತು. ತೋಳು ಬಾತು ಕೀವಾಗುತ್ತಿತ್ತು. ಆ ತೋಳಿನಿಂದಲೇ ಮರುದಿನ ಕಲ್ಲು ಒಡೆಯಬೇಕಿತ್ತು.

ಕೇರಿಯ ಕೊನೆಯ ತೋಳು ಮುಗಿದ ಮೇಲೆ ನಾರಾಯಣರಾವ ಚಾವಡಿಯ ಹಿಂದೆ ಹೋಗಿ ಮತ್ತೆ ಸ್ಟೋವು ಹಚ್ಚುತ್ತಿದ್ದ. ಸೂಜಿಯನ್ನು ಕುದಿಸುತ್ತಿದ್ದ. ನೀರು ಚೆಲ್ಲಿ, ಬೇರೆ ನೀರು ಹಾಕಿ, ಇನ್ನೊಮ್ಮೆ ಕುದಿಸುತ್ತಿದ್ದ. ಎಷ್ಟು ಶ್ರದ್ಧೆ, ಎಷ್ಟು ತಾಳ್ಮೆ! ಅವನು ಕುದಿಸುತ್ತಿದ್ದುದು ಕ್ರಿಮಿಗಳನ್ನಲ್ಲ, ನಮ್ಮನ್ನು.

ಬರದ ಹಿಂದಿನ ವರ್ಷದ ಬೇಸಿಗೆಯಲ್ಲಿ ಮುದಿ ಪಾಟೀಲರನ್ನು ಹೊರಸಿನ ಮೇಲೆ ಹೊತ್ತು ತಂದು ಸಾಲಿನ ಮುಂದೆ ಇಳಿಸಿದ್ದರು. ಅವರ ಕಣ್ಣು, ಉಗುರು, ಮೈ ಎಲ್ಲ ಅರಿಸಿನ ಹಚ್ಚಿದ ಹಾಗಿತ್ತು. ಕಾಮಾಲೆ. ನಮ್ಮ ಕಡೆ ಕಾಮಣಿ ಎನ್ನುತ್ತಾರೆ. ಕಾಮಾಲೆಯಾದವನಿಗೆ ಕಾಲರಾದ ಸೂಜಿ ಯಾಕೆ ಎಂದು ಯಾರೂ ಕೇಳಲಿಲ್ಲ. ಹಿರಿಯ ಮನೆತನಕ್ಕೆ ಎಲ್ಲದರಲ್ಲೂ ಮೊದಲ ಪಾಲು ಸಲ್ಲಬೇಕು, ಸಂದಿತು. ಅದೇ ಸೂಜಿ ಸಾಲಿನುದ್ದಕ್ಕೂ ನಡೆದು ಕೊನೆಗೆ ನನ್ನ ಅಪ್ಪ ಮಚ್ಛೇಂದ್ರನ ತೋಳಿಗೆ ಬಂತು.

ಅಪ್ಪ ರಸ್ತೆ ಕಾಮಗಾರಿಯಲ್ಲಿ ಜಲ್ಲಿ ಒಡೆಯುವವನು. ಮುಂಗಾರಿನ ಹೊತ್ತಿಗೆ ಅವನಿಗೆ ಸುತ್ತಿಗೆ ಭಾರವಾಯಿತು. ರೊಟ್ಟಿ ಕಂಡರೆ ಓಕರಿಕೆ. ನಂತರ ಕಣ್ಣು ಹಳದಿಯಾಯಿತು. ಹೊಟ್ಟೆ ಉಬ್ಬಿತು, ಕಾಲು ಸಣ್ಣವಾದವು. ಪಂಚಮಿಗೆ ಮೊದಲು ಸತ್ತ. ಕೇರಿಯಲ್ಲಿ ಇನ್ನೂ ಕೆಲವರು ಹಾಗೆಯೇ ಸತ್ತರು. ಊರು ಏನು ಹೇಳಿತು ಗೊತ್ತೇ? ಕೇರಿಯವರು ಹೊಲಸು ನೀರು ಕುಡಿದು ರೋಗ ತಂದರು ಎಂದಿತು. ರೋಗ ತಗಲೀತೆಂದು ಬಾವಿಯಿಂದ ನಮ್ಮ ಕೊಡಗಳಿಗೆ ನೀರು ಸುರಿಯುವುದನ್ನೂ ಕೆಲವು ತಿಂಗಳು ನಿಲ್ಲಿಸಿತು. ಅವರದೇ ಮನೆಯಿಂದ ಇಳಿದು ಬಂದ ಸಾವು. ಅದರ ಕಳಂಕವೂ ನಮ್ಮ ಪಾಲಿಗೆ.

ಬರದ ವರ್ಷ ದೀಪಾವಳಿ ಮುಗಿದ ಮೇಲೆ ಚಾವಡಿಯ ಎದುರು ಲಾರಿ ಬಂದು ನಿಂತಿತು. ಗಡಿಯಾಚೆಯ ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಯುವ ಆಳುಗಳನ್ನು ಒಯ್ಯುವ ಲಾರಿ. ಆಳು ಕೂಡಿಸುವ ಮುಕಾದಮ ದಸ್ತಗೀರ ಡ್ರೈವರನ ಪಕ್ಕದಲ್ಲಿ ಕುಳಿತಿದ್ದ.

ಕಬ್ಬಿನ ಕೆಲಸದಲ್ಲಿ ಮನುಷ್ಯರನ್ನು ಎಣಿಸುವುದಿಲ್ಲ, ಕೋಯತಾ ಎಣಿಸುತ್ತಾರೆ. ಕೋಯತಾ ಎಂದರೆ ಕಬ್ಬು ಕಡಿಯುವ ಕತ್ತಿ. ಮುಕಾದಮರ ಬಾಯಲ್ಲಿ ಅದರ ಅರ್ಥ ಗಂಡಹೆಂಡಿರ ಜೋಡಿ. ಒಬ್ಬರು ಕಡಿಯಬೇಕು. ಇನ್ನೊಬ್ಬರು ಸುಲಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ಏರಿಸಬೇಕು. ವಿಧವೆ ಅರ್ಧ ಕೋಯತಾ. ಅರ್ಧಕ್ಕೆ ಲಾರಿಯಲ್ಲಿ ಜಾಗವಿಲ್ಲ. ಆದ್ದರಿಂದ ನಾನು ಶಾಲೆ ಬಿಟ್ಟು ಅಪ್ಪನ ಅರ್ಧಕ್ಕೆ ನಿಂತೆ. ಅವ್ವ ಕಡಿಯುವವಳು, ನಾನು ಹೊರುವವಳು.

“ಕೇಶರಬಾಯಿ, ಪೋರಿ ಗಟ್ಟಿ ಅದಾಳೇನು?” ಎಂದು ದಸ್ತಗೀರ ನನ್ನನ್ನು ಎತ್ತು ನೋಡುವ ಹಾಗೆ ನೋಡಿದ.

“ನಿಮ್ಮ ಲಾರಿಗಿಂತ ಗಟ್ಟಿ ಅದಾಳ್ರಿ, ದಸ್ತಗೀರ ಭಾಯಿ. ಅದರಂಗ ದಾರ್ಯಾಗ ನಿಂದರಂಗಿಲ್ಲ,” ಎಂದಳು ಅವ್ವ.

ಆದರೆ ಒಂದು ಷರತ್ತಿತ್ತು. ಕಾಲರಾ ಸೂಜಿ ಹಾಕಿಸಿಕೊಳ್ಳದವರನ್ನು ಕಾರ್ಖಾನೆ ಸೇರಿಸುತ್ತಿರಲಿಲ್ಲ. ಚುಚ್ಚಿಸಿಕೊಂಡವರ ಹೆಬ್ಬೆರಳಿಗೆ ನಾರಾಯಣರಾವ ನೇರಳೆ ಮಸಿ ಹಚ್ಚುತ್ತಿದ್ದ. ಮಸಿಯಿಲ್ಲದ ಬೆರಳು ಲಾರಿಯನ್ನು ಮುಟ್ಟುವಂತಿರಲಿಲ್ಲ. ಸೂಜಿ ಬೇಡವೆಂದರೆ ಒಣ ಬಾವಿಯ ಪಕ್ಕದಲ್ಲಿ ಉಪವಾಸ. ಬೇಕೆಂದರೆ ಊರೆಲ್ಲ ತಿರುಗಿ ಬಂದ ಅದೇ ಸೂಜಿ.

ಊರವರು ಚಾವಡಿಯ ಕಟ್ಟೆಯ ಮೇಲೆ ನೆರೆದರು. ನಾವು ಕಟ್ಟೆಯ ಕೆಳಗೆ, ಬಿಸಿಲಿನಲ್ಲಿ. ಮುದಿ ಪಾಟೀಲರ ಹಿರಿಮಗ, ಈಗಿನ ಪಾಟೀಲ ಚಂದ್ರಕಾಂತರಾಯರು ಕುರ್ಚಿಯಲ್ಲಿ ಕುಳಿತಿದ್ದರು. ಎಲ್ಲರಿಗಿಂತ ಮೊದಲು ಅವರ ತಮ್ಮ ಮಾಣಿಕರಾಯರನ್ನು ಶಾಲು ಹೊದಿಸಿ, ರಟ್ಟೆ ಹಿಡಿದು ಕರೆತಂದರು. ಹಿಂದಿನ ವರ್ಷ ಮುದಿ ಪಾಟೀಲರ ತೋಳಿನಿಂದ ಸೂಜಿ ನೇರವಾಗಿ ಹೋದದ್ದು ಈ ಮಗನ ತೋಳಿಗೇ. ಅವರು ಕಣ್ಣು ತೆರೆದು ಬಿಸಿಲು ನೋಡಿದರು. ಹಳದಿ ಬಣ್ಣವನ್ನು ನಾನು ಎರಡೇ ಕಡೆ ಕಂಡಿದ್ದೆ, ಮದುವೆಯ ಚಪ್ಪರದಲ್ಲಿ ಮತ್ತು ಅಪ್ಪನ ಕಣ್ಣಿನಲ್ಲಿ. ಮಾಣಿಕರಾಯರದು ಮದುವೆಯ ಹಳದಿಯಾಗಿರಲಿಲ್ಲ.

ಅವ್ವ ನನ್ನ ಮುಂಗೈ ಹಿಡಿದಳು. ಹಿಡಿದ ರಭಸಕ್ಕೆ ನನ್ನ ಒಂದು ಬಳೆ ಒಡೆಯಿತು.

“ಸುಭದ್ರಾ, ಆ ಕಣ್ಣ ನೋಡಿದಿ?”

“ನೋಡಿದೆ ಅವ್ವ.”

“ನಿಮ್ಮಪ್ಪನ ಕಣ್ಣ,” ಎಂದಳು.

ಸೂಜಿ ಮಾಣಿಕರಾಯರ ತೋಳಿಗೆ ಹೋಗಿ ಬಂತು. ಹತ್ತಿಯಿಂದ ಒಮ್ಮೆ ಒರೆಸಿದ್ದಾಯಿತು. ಪಾಟೀಲರ ತೋಳಿಗೆ ಹೋಯಿತು. ಪಾಟೀಲರ ಹೆಂಡತಿ ಸರಸ್ವತಿಬಾಯಿ, “ಹಗೂರ ಹಾಕ್ರಿ ರಾವ್,” ಎಂದು ಕಣ್ಣು ಮುಚ್ಚಿದರು. ಅವರ ತೋಳಿಗೂ ಹೋಯಿತು. ಹೀಗೆ ಕಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ನಡೆದು, ಕೊನೆಗೆ ನಾರಾಯಣರಾವನ ಕೈಯಲ್ಲಿ ಮೆಟ್ಟಿಲು ಇಳಿಯಿತು.

“ಏ, ಸಾಲ ಹಚ್ರಿ. ತೋಳ ಒರಸ್ಕೋರಿ. ದೂರ, ದೂರ ನಿಂದರ್ರಿ.”

ಸಾಲಿನ ಮುಂದೆ ನಾನು. ನನ್ನ ಹಿಂದೆ ಅವ್ವ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

“ಕುದಸ್ರಿ,” ಎಂದಳು.

“ಏನ?”

“ಸೂಜಿ. ಕುದಸಿ ಆ ಮ್ಯಾಲ ಚುಚ್ರಿ.”

ನಾರಾಯಣರಾವ ಕಟ್ಟೆಯ ಕಡೆ ತಿರುಗಿ ನಕ್ಕ. “ನೀ ಯಾವಾಗ ಡಾಕ್ಟರ ಆದಿ ಕೇಶರಿ?”

“ಡಾಕ್ಟರ ನೀವೂ ಆಗಿಲ್ರಿ.”

ಕಟ್ಟೆಯ ಮೇಲೆ ಯಾರೋ ಕೆಮ್ಮಿನಲ್ಲಿ ನಗುವನ್ನು ಮುಚ್ಚಿದರು. ನಾರಾಯಣರಾವನ ಕಿವಿ ಕೆಂಪಾಯಿತು.

“ಮುಂಜಾನಿ ಕುದಸೀನಿ.”

“ಅದು ಪಾಟೀಲರ ಸಲುವಾಗಿ. ನಮ್ಮ ಸಲುವಾಗಿ ಯಾವಾಗ?”

“ನಿಮ್ಮದಾದ ಮ್ಯಾಲ ಎರಡ ಸಲ ಕುದಸ್ತೇನಿ, ಸಾಕೇನು?”

“ಅದನ್ನ ಕೇಳ್ಲಾಕತ್ತೀನ್ರಿ. ನಮ್ಮದಾದ ಮ್ಯಾಲ ಎರಡ ಸಲ ಕುದಸ್ತೀರಿ. ನಮಗಿಂತ ಮೊದಲ ಒಂದ ಸಲಾನೂ ಕುದಸಂಗಿಲ್ಲ. ಯಾಕ?”

“ನಿಮ್ಮನ್ನ ಮುಟ್ಟಿದರ ಮೈಲಿಗಿ ಆಗ್ತದ, ಅದಕ್ಕ.” ಇದನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ಬಸ್ಸಿನ ವೇಳೆ ಹೇಳುವ ಹಾಗೆ ಹೇಳಿದ.

“ಮಾಣಿಕರಾಯರನ್ನ ಮುಟ್ಟಿದರ?”

“ಅವರು ಪಾಟೀಲರು.”

“ಅವರ ಕಣ್ಣ ಹಳದಿ ಅವ.”

“ಹಳದಿ ಇದ್ರೂ ಪಾಟೀಲರ!”

ಲಾರಿಯ ಹಾರನ್ನು ಕೂಗಿತು. ದಸ್ತಗೀರ ಕಿಟಕಿಯಿಂದ ತಲೆ ಹಾಕಿದ. “ಅರೆ ಬಾಯಿ, ಒಂದ ಸೂಜಿಗಿ ಇಷ್ಟ ಬಹಸ್ ಯಾಕ? ಜಲ್ದಿ ಮುಗಸ್ರಿ. ಸೊಳ್ಳಿ ಕಡದಂಗ ಅದ.”

“ಸೊಳ್ಳಿ ಕಡದು ಮಚ್ಛೇಂದ್ರ ಸಾಯಲಿಲ್ಲ, ಭಾಯಿ.”

ದಸ್ತಗೀರ ತಲೆ ಒಳಗೆಳೆದುಕೊಂಡ. ಹಿಂದಿನ ಹಂಗಾಮುಗಳಲ್ಲಿ ಅಪ್ಪ, ಅವ್ವ ಅವನ ಲಾರಿಯಲ್ಲೇ ಹೋಗುತ್ತಿದ್ದರು.

ಕಟ್ಟೆಯ ಮೇಲಿಂದ ಪಾಟೀಲರು ಕೈ ಬೀಸಿದರು. “ಬ್ಯಾಡಂದ್ರ ಬಿಡು ಅಕಿನ್ನ. ಲಾರಿ ಹತ್ತವರಿಗೇನ ಬರಗಾಲ ಇಲ್ಲ.”

ಆಗ ಅವ್ವ ಸೂಜಿಯನ್ನೂ ನಾರಾಯಣರಾವನನ್ನೂ ಬಿಟ್ಟು ಪಾಟೀಲರ ಕಡೆ ತಿರುಗಿದಳು. ಸೆರಗು ತಲೆಗೆ ಎಳೆದುಕೊಂಡಳು. ಕೈ ಮುಗಿದಳು. ಅವಳ ದನಿ ತುಪ್ಪದಂತಾಯಿತು. ಅವಳು ಇಷ್ಟು ಮರ್ಯಾದೆ ತೋರಿದಾಗ ನಮ್ಮ ಕೇರಿಯವರು ಉಸಿರು ಹಿಡಿಯುತ್ತಿದ್ದರು.

“ಮಾಲಕ್ರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಈ ಸೂಜಿ ನಿಮ್ಮ ತಮ್ಮನ ಮೈಯಾಗ ಹೋಗಿ ಬಂದದ. ನಿಮ್ಮ ಮೈಯಾಗ ಹೋಗಿ ಬಂದದ. ಬಾಯಿಯವರ ಮೈಯಾಗೂ ಹೋಗಿ ಬಂದದ. ತೊಳದಿಲ್ಲ, ಕುದಿಸಿಲ್ಲ. ತುದೀಗಿ ಕೆಂಪ ಅದ, ನೋಡ್ರಿ. ಅದು ನಿಮ್ಮ ಮನೀ ರಕ್ತ. ಈಗ ನನ್ನ ಮಗಳ ಮೈಯಾಗ ಹೋಗ್ತದ. ಹೌದಲ್ರಿ?”

ಪಾಟೀಲರು ಸೂಜಿಯ ತುದಿ ನೋಡಿದರು.

“ಹೋದ ಮ್ಯಾಲ ಅಕಿ ಯಾರ ರಕ್ತ ಆದಳ್ರಿ? ನಿಮ್ಮ ಮನೀ ರಕ್ತ. ಹಂಗಾದ್ರ ನಾಳಿಂದ ಅಕಿ ನಿಮ್ಮ ಬಾವಿ ಹಗ್ಗ ಹಿಡೀತಾಳ್ರಿ. ತಮ್ಮ ಮನೀ ಬಾವ್ಯಾಗ ನೀರ ಸೇದಲಾಕ ಯಾರನ್ನ ಕೇಳಬೇಕು?”

ಅದಕ್ಕೆ ಮೊದಲು ಬಾಯಿ ತೆರೆದವಳು ಜಿಜಾಬಾಯಿ. ಕೇರಿಗೆಲ್ಲ ಹಿರಿಯಳು. ಬಾಯಲ್ಲಿ ಹಲ್ಲಿರಲಿಲ್ಲ, ಆದ್ದರಿಂದ ಮಾತಿಗೆ ಅಡ್ಡಿಯೂ ಇರಲಿಲ್ಲ. ಸೊಸೆ ಕಬ್ಬು ಕಡಿಯುವಾಗ ಕೂಸು ಹಿಡಿಯಲು ಅವಳೂ ಲಾರಿಗೆ ಹೊರಟಿದ್ದಳು.

“ಅಯ್ಯ, ಹೋದ ವರ್ಷ ನನಗೂ ಚುಚ್ಯಾರ! ದೊಡ್ಡ ಪಾಟೀಲರಿಗಿ ಚುಚ್ಚಿದ್ದ ಸೂಜೀನ ನನಗೂ ಚುಚ್ಯಾರ! ಅಂದ್ರ ನಾ ಪಾಟೀಲರ ಮನೀ ಹಿರೀ ಮಗಳಾದ್ನಲ್ಲ! ಯಾರೂ ಹೇಳಲೇ ಇಲ್ಲ!” ಎನ್ನುತ್ತ ಅವಳು ಹೋಗಿ ಕಟ್ಟೆಯ ಮೊದಲ ಮೆಟ್ಟಿಲ ಮೇಲೆ ಕುಂಡೆ ಊರಿದಳು. “ಚಂದ್ರಕಾಂತಾ, ತಮ್ಮಾ, ಪಂಚಮಿಗಿ ಅಕ್ಕನ್ನ ಕರೀಲಾಕ ಬಂಡಿ ಕಳಸಲಿಲ್ಲಲ್ಲೋ. ನನ್ನ ಕುಬಸದ ಖಣಾ ಎಲ್ಲಿ ಅದ?”

ಕೇರಿಗೆ ಕೇರಿಯೇ ನಕ್ಕಿತು. ಅಪ್ಪ ಸತ್ತ ಮೇಲೆ ಅವ್ವ ನಕ್ಕದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಲಾರಿಯೊಳಗೆ ದಸ್ತಗೀರ ಹಣೆಯನ್ನು ಬಾಗಿಲಿಗೆ ಒತ್ತಿಕೊಂಡು ಹೆಗಲು ಕುಣಿಸುತ್ತಿದ್ದ.

ಸರಸ್ವತಿಬಾಯಿ ಎದ್ದು ನಿಂತರು. “ಇಳಸ್ರಿ ಅಕಿನ್ನ! ರಾವ್, ಕುದಸ್ರಿ ಅದನ್ನ! ನಮ್ಮ ರಕ್ತ ಆ ಮಂದೀ ಮೈಯಾಗ ಹೋಗೂದಂದ್ರ ಏನ್ರಿ? ಕುಲ ಉಳೀತದೇನು?”

“ಕುದಸೋ ಸುಡಗಾಡದಂವನ!” ಎಂದು ಪಾಟೀಲರು ಗುಡುಗಿದರು.

ನಾರಾಯಣರಾವ ಸ್ಟೋವು ಹಚ್ಚಿದ.

ಇದನ್ನು ಗಮನವಿಟ್ಟು ಓದಿರಿ. ನನ್ನ ಅಪ್ಪ ಸತ್ತನೆಂಬ ಮಾತಿಗೆ ಆ ಕಟ್ಟೆಯ ಮೇಲೆ ಒಂದು ರೆಪ್ಪೆಯೂ ಅಲುಗಲಿಲ್ಲ. ನಾವು ಅವರ ನೆಂಟರಾಗಿಬಿಡುತ್ತೇವೆಂಬ ಮಾತಿಗೆ ಸ್ಟೋವು ಹತ್ತಿತು. ನಮ್ಮ ಜೀವ ಉಳಿಸಲು ಇಲ್ಲದ ಸೀಮೆಎಣ್ಣೆ ಅವರ ಕುಲ ಉಳಿಸಲು ಸಿಕ್ಕಿತು. ಸರಿಯಾದ ಕೆಲಸವನ್ನು ಅವರು ಕೊಳೆತ ಕಾರಣಕ್ಕಾಗಿ ಮಾಡಿದರು. ನಾನು ತರಗತಿಯಲ್ಲಿ ಉತ್ತರ ಸರಿಯಿದ್ದು ಲೆಕ್ಕದ ದಾರಿ ತಪ್ಪಿದ್ದರೆ ಅಂಕ ಕೊಡುತ್ತಿರಲಿಲ್ಲ. ಅವರಿಗೂ ಕೊಡುವುದಿಲ್ಲ.

ಸೂಜಿ ಕುದ್ದು ಬಂತು. ನಾರಾಯಣರಾವ ಅದಕ್ಕೆ ಔಷಧ ತುಂಬಿ, “ಬಾ, ಮೊದಲ ನಿನ್ನ ಮಗಳ,” ಎಂದ.

ಈ ಕ್ಷಣದಲ್ಲಿ ನಮ್ಮ ಕಷ್ಟ ತೀರಿತ್ತು. ಕುದ್ದ ಸೂಜಿ ನನ್ನ ತೋಳಿನಿಂದ ಒಂದು ಗೇಣು ದೂರದಲ್ಲಿತ್ತು. ನನಗೆ ಚುಚ್ಚಿ, ನಂತರ ಅವ್ವನಿಗೆ ಚುಚ್ಚಿದರೆ ಒಂದು ಕೋಯತಾ ಪೂರ್ತಿಯಾಗುತ್ತಿತ್ತು. ಲಾರಿ ಹತ್ತಬಹುದಿತ್ತು. ಅವ್ವ ನನ್ನ ತೋಳಿನ ಮೇಲೆ ತನ್ನ ಅಂಗೈ ಇಟ್ಟು ಮುಚ್ಚಿದಳು.

“ಇಕೀದಾದ ಮ್ಯಾಲ ಯಾರದ್ರಿ?”

“ನಿಂದು. ಆ ಮ್ಯಾಲ ಜಿಜಾಬಾಯೀದು. ಹಂಗ ಸಾಲಹಿಡದು.”

“ನಡುವ ಕುದಸ್ತೀರಿ?”

ನಾರಾಯಣರಾವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. “ನಿಮ್ಮ ನಿಮ್ಮೊಳಗ ಎಂಥಾ ಮೈಲಿಗಿ? ನೀವೆಲ್ಲ ಒಂದ ಅಲ್ಲೇನು?”

“ಮೈಲಿಗಿ ಮಾತ ನಿಮ್ಮ ಮನ್ಯಾಗ ಇಟಗೋರಿ. ನಾ ರೋಗದ ಮಾತ ಆಡ್ಲಾಕತ್ತೀನಿ. ನನ್ನ ಮೈಯಾಗಿಂದು ಜಿಜಾಬಾಯಿ ಮೈಗಿ ಯಾಕ ಹೋಗಬೇಕು? ಮಚ್ಛೇಂದ್ರನ ಹಿಂದ ನಿಂತವರೂ ಸತ್ತರು. ಅವರಿಗೇನ ಪಾಟೀಲರು ಬಂದು ಚುಚ್ಚಿದ್ರೇನು?”

“ಕೇಶರಬಾಯಿ,” ಎಂದು ದಸ್ತಗೀರ ಲಾರಿಯಿಂದ ಇಳಿದು ಬಂದ. “ನಿಂದು ಆತಲ್ಲ. ಕುದ್ದ ಸೂಜಿ ಕೈಯಾಗ ಬಂದದ. ಚುಚ್ಚಿಸಿಕೊಂಡು ಹತ್ತು.”

“ನಾವಿಬ್ಬರು ಹತ್ತಿದ್ರ ಲಾರಿ ತುಂಬ್ತದೇನ್ರಿ, ಭಾಯಿ?”

ಅವಳು ನೆಲದ ಮೇಲೆ ಕುಳಿತಳು. ಕಬ್ಬಿನ ಕತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಜಿಜಾಬಾಯಿ ಮೆಟ್ಟಿಲಿನಿಂದ ಎದ್ದು ಬಂದು ಪಕ್ಕದಲ್ಲಿ ಕುಳಿತಳು. ಅವಳ ಮಗ ಕಾಶೀರಾಮ ಕುಳಿತ. ಸೊಸೆ ಕುಳಿತಳು. ಮುಂದಿನಿಂದ ಹಿಂದಿನವರೆಗೆ ಸಾಲಿಗೆ ಸಾಲೇ ಕುಳಿತುಕೊಂಡಿತು. ಯಾರೂ ಘೋಷಣೆ ಕೂಗಲಿಲ್ಲ. ಕಾಶೀರಾಮ ತಂಬಾಕು ತಿಕ್ಕತೊಡಗಿದ.

“ಸೀಮಿಎಣ್ಣಿ ಮುಗೀತು,” ಎಂದ ನಾರಾಯಣರಾವ. “ಇನ್ನ ಕುದಸಂಗಿಲ್ಲ. ಏನ ಮಾಡ್ತೀರಿ ಮಾಡ್ರಿ.”

“ಒಲಿ ನಮ್ಮದು, ಕಟಗಿ ನಮ್ಮದು,” ಎಂದಳು ಅವ್ವ.

ಚಾವಡಿಯ ಎದುರಿಗೇ ಮೂರು ಕಲ್ಲು ಇಟ್ಟೆವು. ಜಾಲಿ ಕಟ್ಟಿಗೆ ಆಯ್ದು ತಂದೆವು. ಜಿಜಾಬಾಯಿ ತನ್ನ ಗಂಟು ಬಿಚ್ಚಿ ಅಡುಗೆಯ ದೇಗಚಿ ತೆಗೆದಳು. ನೀರು ಎಲ್ಲಿಂದ? ದಾರಿಗೆಂದು ಕಟ್ಟಿಕೊಂಡಿದ್ದ ತಂಬಿಗೆಗಳಿಂದ ಒಬ್ಬೊಬ್ಬರು ಒಂದೊಂದು ಲೋಟ ಸುರಿದರು. ಆ ಬರದಲ್ಲಿ ಒಂದು ಲೋಟ ನೀರು ಎಂದರೆ ಏನೆಂದು ನಾನು ವಿವರಿಸುವುದಿಲ್ಲ. ದೇಗಚಿ ತುಂಬಿತು. ನೀರು ಕುದಿಯಿತು.

“ನನ್ನ ಸೂಜಿ ನಿಮ್ಮ ದೇಗಚ್ಯಾಗ?” ನಾರಾಯಣರಾವ ಸೂಜಿಯ ತಟ್ಟೆಯನ್ನು ಎದೆಗೆ ಅಪ್ಪಿಕೊಂಡ.

“ನಿಮ್ಮ ಸೂಜಿ ನಮ್ಮ ಮೈಯಾಗ ಹೋಗ್ತದ. ದೇಗಚ್ಯಾಗ ಹೋಗ್ಲಾಕ ಏನ ಧಾಡಿ?” ಎಂದ ಕಾಶೀರಾಮ.

ದಸ್ತಗೀರ ಆಕಾಶ ನೋಡಿದ, ಖಾಲಿ ಲಾರಿ ನೋಡಿದ, ನಾರಾಯಣರಾವನ ಹೆಗಲ ಮೇಲೆ ಕೈ ಹಾಕಿದ. “ಹಾಕ್ರಿ ಸಾಬ್ ಅದರಾಗ. ಲಾರಿ ಖಾಲಿ ಹೋಯ್ತಂದ್ರ ನನ್ನ ಮಾಲಕ ನನ್ನ ಕುದಸ್ತಾನ. ನಾ ಬಂದು ನಿಮ್ಮನ್ನ ಕುದಸ್ತೇನಿ.”

ನಾರಾಯಣರಾವ ತಟ್ಟೆಯನ್ನು ದೇಗಚಿಯ ಮೇಲೆ ಬೋರಲು ಹಾಕಿದ. ಅದರಲ್ಲಿ ಎರಡು ಪಿಚಕಾರಿ, ಒಂದು ಹಿಡಿ ಸೂಜಿಗಳಿದ್ದವು. ಕೊಕ್ಕೆಯಾಗದ, ನೆಟ್ಟಗಿನ, ಚೂಪಾದ ಸೂಜಿಗಳು! ಇಷ್ಟು ವರ್ಷ ಅವು ತಟ್ಟೆಯಲ್ಲೇ ಇದ್ದವು. ಒಂದರಿಂದ ಚುಚ್ಚುವಾಗ ಉಳಿದವು ಕುದಿಯಬಹುದಾಗಿತ್ತು. ಅಷ್ಟೇ ಮಾಡಬೇಕಾಗಿದ್ದುದು. ಅಷ್ಟು ಮಾಡಿದ್ದರೆ ನನ್ನ ಅಪ್ಪ ಜಲ್ಲಿ ಒಡೆಯುತ್ತ ಮುದುಕನಾಗುತ್ತಿದ್ದ. ಇಂದಿಗೂ ನನ್ನ ಸಿಟ್ಟು ಆರಿಲ್ಲ, ಆರಲು ನಾನು ಬಿಟ್ಟೂ ಇಲ್ಲ.

ದೇಗಚಿಯಲ್ಲಿ ಗಾಜು ಕಟಕಟ ಎಂದಿತು. ಅವ್ವ ಸಾಕೆನ್ನುವವರೆಗೆ ಕುದಿಸಿದೆವು. ನಾರಾಯಣರಾವ ಚಿಮಟದಿಂದ ಒಂದನ್ನು ಎತ್ತಿ, ಮೊದಲಿನಂತೆ ಕೈ ಉದ್ದ ಮಾಡಿ ದೂರದಿಂದ ಗುರಿಯಿಟ್ಟ.

“ತೋಳ ಹಿಡದು ಹಾಕ್ರಿ,” ಎಂದಳು ಅವ್ವ. “ಇದು ಹುಡಿಗೀ ತೋಳ. ಬಾಣ ಬಿಡೂ ಗುರಿ ಅಲ್ಲ.”

ಅವನು ಕರವಸ್ತ್ರ ತೆಗೆದು ಅದರ ಮೇಲಿಂದ ನನ್ನ ತೋಳು ಹಿಡಿದ. ಸೂಜಿ ಹೊಕ್ಕಿತು, ಬಂತು. ನೋವಾಗಲಿಲ್ಲ. ಚೂಪಾದ ಸೂಜಿ ನೋಯಿಸುವುದಿಲ್ಲವೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಆ ಸೂಜಿ ಪಿಚಕಾರಿಯ ಸಮೇತ ದೇಗಚಿಗೆ ಹೋಯಿತು, ಬೇರೆ ಪಿಚಕಾರಿ, ಬೇರೆ ಸೂಜಿ ಬಂತು. ಅವ್ವನಿಗೆ. ಮತ್ತೆ ಬೇರೆಯದು, ಜಿಜಾಬಾಯಿಗೆ. ಅಷ್ಟರಲ್ಲಿ ಕರವಸ್ತ್ರ ಒದ್ದೆಯಾಗಿ ಜಾರಿತು. ಅವನ ಬರಿಗೈ ಅವಳ ತೋಳಿನ ಮೇಲೆ ಉಳಿಯಿತು.

“ಹ್ಯಾಂಗ ಅದ ನಮ್ಮ ತೊಗಲ?” ಎಂದಳು ಜಿಜಾಬಾಯಿ. “ಸುಡ್ತದೇನು ತಮ್ಮಾ?”

ಆ ಹೊತ್ತಿಗೆ ಕಟ್ಟೆಯ ಮೂಲೆಯಿಂದ ಅಂಬೂಬಾಯಿ ಎದ್ದಳು. ಒಕ್ಕಲು ಮನೆಯ ಸೊಸೆ. ಕೂಸಿಗೆ ಹಾಲೂಡಿಸುತ್ತ ಹಿಂದುಳಿದಿದ್ದಳು, ಇನ್ನೂ ಚುಚ್ಚಿಸಿಕೊಂಡಿರಲಿಲ್ಲ. ಅವಳು ಮೆಟ್ಟಿಲು ಇಳಿದು ಬಂದು ನಮ್ಮ ಸಾಲಿನ ಕೊನೆಗೆ, ಕಾಶೀರಾಮನ ಹೆಂಡತಿಯ ಹಿಂದೆ ನಿಂತಳು.

“ಅಂಬೂಬಾಯಿ!” ಸರಸ್ವತಿಬಾಯಿ ಕಿರುಚಿದರು. “ಎಲ್ಲಿ ನಿಂತೀದಿ, ಖಬರ ಅದನೋ ಇಲ್ಲೋ?”

“ಕುದಸೂ ಕಡಿ ನಿಂತೀನ್ರಿ,” ಎಂದಳು ಅಂಬೂಬಾಯಿ. “ನನ್ನ ಕೂಸ ಹಾಲ ಕುಡಿತದ.”

ಮಧ್ಯಾಹ್ನ ಹೊರಡಬೇಕಿದ್ದ ಲಾರಿ ಹೊತ್ತು ಮುಳುಗುವಾಗ ಹೊರಟಿತು. ನಮ್ಮೆಲ್ಲರ ಹೆಬ್ಬೆರಳುಗಳು ನೇರಳೆಯಾಗಿದ್ದವು. ನಾರಾಯಣರಾವ ಕೇರಿಯ ದೇಗಚಿಯಲ್ಲಿ ಬೆಂದ ಪಿಚಕಾರಿಗಳನ್ನು ಚಿಮಟದಿಂದ ಎತ್ತಿ ಒಯ್ದ. ತಟ್ಟೆಯನ್ನು ಜಿಜಾಬಾಯಿ ಮುಟ್ಟಿದ್ದಳಾದ್ದರಿಂದ ಅಲ್ಲೇ ಬಿಟ್ಟ. ಕಬ್ಬಿನ ಹಂಗಾಮು ಮುಗಿಯುವವರೆಗೆ ಅವಳು ಅದರಲ್ಲಿ ಮೆಣಸಿನಕಾಯಿ ಒಣಗಿಸಿದಳು.

ಕಬ್ಬಿನ ಹೊಲಗಳಲ್ಲಿ ನಮ್ಮ ಅಂಗೈಗಳು ಸೀಳಿದವು. ತಲೆಯ ಮೇಲಿನ ಕೂದಲು ಹೊರೆಯ ಕೆಳಗೆ ಉದುರಿತು. ಆದರೆ ನಮ್ಮ ಲಾರಿಯ ಯಾರ ಕಣ್ಣೂ ಹಳದಿಯಾಗಲಿಲ್ಲ. ಶಿವರಾತ್ರಿಯ ಸುಮಾರಿಗೆ ಊರಿಗೆ ಹೋಗಿ ಬಂದ ದಸ್ತಗೀರ ಸುದ್ದಿ ತಂದ. ಮಾಣಿಕರಾಯರು ತೀರಿಕೊಂಡಿದ್ದರು. ಕಟ್ಟೆಯ ಮೇಲೆ ಅವರ ನಂತರ ಚುಚ್ಚಿಸಿಕೊಂಡವರಲ್ಲಿ ಹಲವರು ಹಾಸಿಗೆ ಹಿಡಿದಿದ್ದರು. ಸರಸ್ವತಿಬಾಯಿಯವರೂ ಹಿಡಿದಿದ್ದರು. ಅಂಬೂಬಾಯಿ ಮತ್ತು ಅವಳ ಕೂಸು ನೆಟ್ಟಗಿದ್ದರು.

ಗುಡಿಸಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವ್ವ ಕತ್ತಿ ಮಸೆಯುವುದನ್ನು ನಿಲ್ಲಿಸಿದಳು.

“ನಗಬ್ಯಾಡ್ರಿ,” ಎಂದಳು. “ತಮ್ಮ ತಮ್ಮೊಳಗ ಏನೂ ಹತ್ತಂಗಿಲ್ಲಂತ ನಂಬಿ ಮಲಕೊಂಡಾರ. ನಾವೂ ಹಂಗ ನಂಬಿದ್ರ ನಿಮ್ಮ ನಗು ಎಲ್ಲಿರ್ತಿತ್ತು?”

ಆಮೇಲೆ ದಸ್ತಗೀರನ ಕಡೆ ತಿರುಗಿ ಹೇಳಿದಳು: “ಭಾಯಿ, ಮತ್ತ ಆ ಕಡಿ ಹೋದ್ರ ಅವರಿಗಿ ಹೇಳ್ರಿ. ಪಾಟೀಲರಿಂದ ಪಾಟೀಲರಿಗೂ ಕುದಸಬೇಕಂತ.”

ಅವನು ಹೇಳಿದನೋ ಇಲ್ಲವೋ ಗೊತ್ತಿಲ್ಲ. ಮರುವರ್ಷ ಅವ್ವ ಬೇರೊಬ್ಬ ವಿಧವೆಯ ಜೊತೆ ಜೋಡಿ ಕಟ್ಟಿ, ಎರಡು ಅರ್ಧಗಳಿಂದ ಒಂದು ಕೋಯತಾ ಮಾಡಿ, ನನ್ನನ್ನು ಶಾಲೆಗೆ ಕಳಿಸಿದಳು. ಹೀಗೆ ನಾನು ಇದನ್ನು ಬರೆಯುವಷ್ಟು ಓದಿದೆ.

ಈಗ ಸೂಜಿ ಕಾಗದದ ಪಾಕೀಟಿನಲ್ಲಿ ಬರುತ್ತದೆ. ಸ್ಟೋವು ಬೇಡ, ದೇಗಚಿ ಬೇಡ, ಒಂದು ಲೋಟ ನೀರೂ ಬೇಡ. ಒಂದು ಮೈಗೆ ಒಂದು ಸೂಜಿ, ಒಂದೇ ಸಲ, ನಂತರ ಅದನ್ನು ನಾಶ ಮಾಡಬೇಕು. ಇಷ್ಟು ಸುಲಭವಾದ ಮೇಲೂ ಇಟ್ಟಿಗೆ ಭಟ್ಟಿಯ ಮಗ್ಗುಲಲ್ಲಿ, ಕಟ್ಟಡದ ಕೆಲಸದವರ ತಗಡಿನ ಶೆಡ್ಡುಗಳ ಸಾಲಿನಲ್ಲಿ, ಹೊರಗಿನಿಂದ ಬಂದ ಕೂಲಿಗಳ ತೋಳಿಗೆ ನಿನ್ನೆಯ ಪಿಚಕಾರಿ ಇಳಿಯುವುದು ನಿಂತಿಲ್ಲ. ಬೀದರಿನಲ್ಲಿ ನಿಮ್ಮ ಮನೆ ಕಟ್ಟುವವರೇ ಅವರು. ಅವರು ಕೇಳುವುದಿಲ್ಲ. ಕೇಳಿದರೆ ಲಾರಿ ಬಿಟ್ಟು ಹೋಗುತ್ತದೆಂದು ಅವರಿಗೆ ಗೊತ್ತು.

ಆದ್ದರಿಂದ ನೀವು ಕೇಳಿರಿ. ಮುಂದಿನ ಸಲ ಸೂಜಿ ನಿಮ್ಮ ಎದುರು ಬಂದಾಗ, ‘ಪಾಕೀಟನ್ನು ನನ್ನ ಕಣ್ಣ ಮುಂದೆ ಒಡೆಯಿರಿ’ ಎನ್ನಿರಿ. ಒಡೆಯುತ್ತಾರೆ. ನೀವು ಸಾಲಿನಲ್ಲಿ ಮುಂದಿದ್ದೀರಿ, ನಿಮ್ಮ ಮಾತು ನಡೆಯುತ್ತದೆ. ಆಮೇಲೆ ತೋಳು ಉಜ್ಜಿಕೊಂಡು ಚಹಾಕ್ಕೆ ಓಡಬೇಡಿರಿ. ಹಿಂತಿರುಗಿ ನೋಡಿರಿ, ಸಾಲಿನ ಕೊನೆಯಲ್ಲಿ ಯಾರು ನಿಂತಿದ್ದಾರೆಂದು. ಅವರ ಪಾಕೀಟು ಒಡೆದ ಸಪ್ಪಳ ನಿಮ್ಮ ಕಿವಿಗೆ ಬೀಳುವವರೆಗೆ ಅಲ್ಲಿಂದ ಏಳಬೇಡಿರಿ.